ಕೋಳಿ ಯಾರದ್ದು?

ಕೋಳಿಯ ಹಿಕ್ಕೆಯಲ್ಲಿ ರಕ್ತ ಕಂಡ ಬೆಳಿಗ್ಗೆ ಕಮಲ ಮೊದಲು ನೋಡಿದ್ದು ಕೋಳಿಯನ್ನಲ್ಲ, ಸೊಸೆಯನ್ನು.

ಹರಿಣಾಕ್ಷಿ ಶೆಡ್ಡಿನ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು, ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿದ್ದ ಒಂದು ಮರಿಯನ್ನು ಮಗುಚಿ ನೋಡುತ್ತಿದ್ದಳು. ಬಾಲದ ಕೆಳಗಿನ ಪುಕ್ಕ ಕೆಂಪಾಗಿ ಅಂಟಿಕೊಂಡಿತ್ತು. ನೆಲಕ್ಕೆ ಹಾಸಿದ್ದ ಉಮಿಯ ಮೇಲೆ ಅಲ್ಲಲ್ಲಿ ಕುಂಕುಮ ಕಲಸಿ ಚೆಲ್ಲಿದ ಹಾಗೆ ಹಿಕ್ಕೆ. ಗೋಡೆಯ ಬುಡದಲ್ಲಿ ಎರಡು ಮರಿಗಳು ಆಗಲೇ ಸತ್ತು ಬಿದ್ದಿದ್ದವು.

"ಇವತ್ತು ಎಷ್ಟನೇ ದಿನ?" ಕಮಲ ಬಾಗಿಲಲ್ಲೇ ನಿಂತು ಕೇಳಿದಳು.

"ಮರಿಗಳಿಗಾ ಮಾಮಿ? ತಿಂಗಳಾಯ್ತು."

"ಮರಿಗಲ್ಲ. ನಿನಗೆ."

ಹರಿಣಾಕ್ಷಿ ತಲೆ ಎತ್ತಿದಳು. ಅತ್ತೆ ಕೇಳಿದ್ದು ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಕಿವಿ ಬಿಸಿಯಾಯಿತು. "ನಿನ್ನೆ ಸಂಜೆ ಆಗಿದೆ" ಎಂದಳು.

"ಆಗಿಯೂ ಒಳಗೆ ಬಂದಿದ್ದಿ! ಸಾಕು, ಹೊರಗೆ ಬಾ. ಆ ಮರಿಯನ್ನು ಅಲ್ಲೇ ಬಿಡು. ಏನನ್ನೂ ಮುಟ್ಟಬೇಡ. ನಿನ್ನ ರಕ್ತ ಅದಕ್ಕೆ ಹತ್ತಿದ್ದು ಕಾಣುವುದಿಲ್ಲವಾ ನಿನಗೆ?"

ಕಾಪುವಿನ ಕಡಲ ಕರೆಯಲ್ಲಿ ಕಮಲನ ಮನೆಯಿದ್ದಾಗ ಒಂದು ಕಾನೂನಿತ್ತು. ಮುಟ್ಟಾದ ಹೆಂಗಸು ಬಲೆ ದಾಟಬಾರದು, ದೋಣಿ ಮುಟ್ಟಬಾರದು. ದಾಟಿದರೆ ಮೀನು ಬೀಳುವುದಿಲ್ಲ. ಕಮಲನ ಗಂಡ ಚಂದು ಆ ದೋಣಿಯ ತಾಂಡೇಲ. ಅವನು ಹೇಳಿದ ಕಡೆ ಬಲೆ ಬೀಳಬೇಕು, ಅವನು ಕೂಗಿದಾಗ ಏಳಬೇಕು. ಆಮೇಲೆ ಕಡಲು ಅಂಗಳದವರೆಗೆ ಬಂತು, ದೋಣಿಯ ಪಾಲು ಮಾರಿಹೋಯಿತು, ಮಗ ಸೊಸೆ ಮೊಮ್ಮಗಳ ಜೊತೆ ಇನ್ನಂಜೆಗೆ ಬಂದು ಕುಳಿತದ್ದಾಯಿತು. ಇನ್ನಂಜೆಯ ಜಾಗ ಹರಿಣಾಕ್ಷಿಗೆ ತಾಯಿಯ ಕಡೆಯಿಂದ ಬಂದದ್ದು. ಅಲ್ಲಿ ಶೆಡ್ಡು ಕಟ್ಟಿ ಗಿರಿರಾಜ ಕೋಳಿ ಸಾಕಲು ಹೊರಟವಳೂ ಅವಳೇ. ಕಾಳು ಹಾಕುವುದು, ನೀರಿಡುವುದು, ಉಮಿ ಕೆದಕುವುದು, ಕಾಗೆ-ಕೀರಿ ಓಡಿಸುವುದು ಎಲ್ಲ ಅವಳದೇ. ಆದರೆ ದೋಣಿ ಹೋದರೂ ದೋಣಿಯ ಕಾನೂನು ಹೋಗಲಿಲ್ಲ. ಅದು ನಡೆದುಕೊಂಡು ಬಂದು ಶೆಡ್ಡಿನ ಬಾಗಿಲಲ್ಲಿ ಕುಳಿತಿತು.

ಜೊತೆಗೆ ದೋಣಿಯ ಇನ್ನೊಂದು ಅಭ್ಯಾಸವೂ ಬಂದಿತ್ತು. ಅದನ್ನು ಮಾತ್ರ ಯಾರೂ ಮೈಲಿಗೆ ಎನ್ನಲಿಲ್ಲ.

ಚಂದು ದಿನಾ ಬೆಳಿಗ್ಗೆ ಶೆಡ್ಡು ತೊಳೆಯುತ್ತಿದ್ದ. ದಡ ಸೇರಿದ ದೋಣಿಯ ಹಲಗೆಗೆ ನೀರು ಹೊಡೆದು ಮೀನಿನ ಸಿಪ್ಪೆ, ರಕ್ತ ಎಲ್ಲ ಕಡಲಿಗೆ ತಳ್ಳಿದ ಕೈ ಅದು. ನಡುವಿನ ದಾರಿಗೆ, ಗೋಡೆಗೆ, ಕುಡಿಯುವ ಪಾತ್ರೆಗಳಿಗೆ ಪೈಪು ಹಿಡಿದು ಜೋರಾಗಿ ನೀರು ಬಿಡುವನು. ನೀರು ಕಡಲಿಗೆ ಹೋಗುತ್ತಿರಲಿಲ್ಲ, ಉಮಿಯ ಕೆಳಗೆ ಹೋಗುತ್ತಿತ್ತು. "ಮಾಮ, ಉಮಿ ಒದ್ದೆಯಾಗ್ತದೆ" ಎಂದು ಹರಿಣಾಕ್ಷಿ ಹೇಳಿದ್ದು ಒಂದೆರಡು ಸಲವಲ್ಲ. "ನೀರು ಹಾಕದೆ ಶುಚಿ ಆಗುವುದು ಹೇಗೆ ಮಾರಾಯ್ತಿ? ನನಗೆ ಕಲಿಸಬೇಡ" ಎನ್ನುವನು. ಆ ಪೈಪು ಎಳೆದು ಕೊಟ್ಟವನು ಅವಳ ಗಂಡ ಜಿತೇಂದ್ರ. ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಅವನು ಪ್ಲಂಬರ್.

*

ಪಶುವೈದ್ಯೆ ಡೈನಾ ಸ್ಕೂಟರಿನಲ್ಲಿ ಬಂದದ್ದು ಮಧ್ಯಾಹ್ನದ ಹೊತ್ತಿಗೆ. ಸತ್ತ ಮರಿಯೊಂದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಕುಯ್ದು, ಕರುಳಿನ ತುದಿಯ ಎರಡು ಚೀಲಗಳನ್ನು ತೋರಿಸಿದರು. ಬಸಳೆ ಹಣ್ಣು ಹಿಂಡಿ ತುಂಬಿದ ಹಾಗೆ ಕಪ್ಪು ಕೆಂಪು. ಹರಿಣಾಕ್ಷಿ ಜಗಲಿಯಿಂದಲೇ ಕತ್ತು ಚಾಚಿ ನೋಡಿದಳು.

"ರಕ್ತಭೇದಿ. ಕಾಕ್ಸಿಡಿಯಾ ಅಂತ ಕಣ್ಣಿಗೆ ಕಾಣದ ಒಂದು ಜೀವಿ. ಕರುಳಿನ ಒಳಗೆ ಕೂತು ಕೊರೆಯುತ್ತದೆ. ಅದರ ಮೊಟ್ಟೆ ಹಿಕ್ಕೆಯಲ್ಲಿ ಹೊರಗೆ ಬೀಳ್ತದೆ. ಉಮಿ ಒಣಗಿದ್ದರೆ ಹೆಚ್ಚಿನದು ಸಾಯ್ತದೆ. ಒದ್ದೆಯಿದ್ದರೆ ಎರಡು ದಿನದಲ್ಲಿ ಬಲಿಯುತ್ತದೆ. ಕೋಳಿ ಅದನ್ನೇ ಹೆಕ್ಕಿ ತಿನ್ನುತ್ತದೆ. ಮತ್ತೆ ಒಳಗೆ." ಡೈನಾ ಎದ್ದು ಶೆಡ್ಡಿನ ಉಮಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದರು. ಬೆರಳ ಸಂದಿನಿಂದ ನೀರು ಇಳಿಯಿತು. "ಇದು ಯಾಕೆ ಇಷ್ಟು ಒದ್ದೆ?"

ರಜೆ ಹಾಕಿ ಬಂದಿದ್ದ ಜಿತೇಂದ್ರ, "ಮಳೆಗಾಲ ಅಲ್ವಾ ಡಾಕ್ಟ್ರೇ" ಎಂದ.

"ಮಳೆ ಬರುವುದು ಹೊರಗೆ. ಮಾಡು ಎಲ್ಲೂ ಸೋರುವುದಿಲ್ಲವಲ್ಲ."

"ಸೊಸೆ ನೀರಿಡುವಾಗ ಚೆಲ್ಲುತ್ತಾಳೆ" ಎಂದ ಚಂದು. ಅವನ ಕೈಯಲ್ಲಿ ಪೈಪಿತ್ತು. ತುದಿಯಿಂದ ಇನ್ನೂ ಹನಿ ಬೀಳುತ್ತಿತ್ತು. ಯಾರೂ ಅದನ್ನು ನೋಡಲಿಲ್ಲ, ಅಥವಾ ನೋಡಿದರೂ ನೋಡಲಿಲ್ಲ.

ಡಾಕ್ಟರು ಪುಡಿಯ ಪೊಟ್ಟಣ ಕೊಟ್ಟು ಬಿಡಿಸಿ ಹೇಳಿದರು. ಅಳತೆ ಚಮಚ ಒಳಗೇ ಉಂಟು. ಕುಡಿಯುವ ನೀರಿನಲ್ಲಿ ಕಲಸಿ ಐದು ದಿನ ಬಿಡದೆ ಕೊಡಬೇಕು, ದಿನಾ ಹೊಸದಾಗಿ ಕಲಸಬೇಕು. ಆ ನೀರು ಬಿಟ್ಟು ಬೇರೆ ನೀರು ಎಲ್ಲೂ ಸಿಗಬಾರದು. ಒದ್ದೆ ಉಮಿ ತೆಗೆದು ಸುಣ್ಣ ಹಾಕಿ ಹೊಸತು ಹಾಸಬೇಕು. ಬಾಗಿಲಲ್ಲೂ ಸುಣ್ಣ ಇಟ್ಟು ಅದರಲ್ಲಿ ಕಾಲಿಟ್ಟೇ ಒಳಗೆ ಹೋಗಬೇಕು. "ಮತ್ತೆ ಈ ಐದು ದಿನ ಬಿ ವಿಟಮಿನ್ ಟಾನಿಕ್ ಬೇಡ."

"ಶಕ್ತಿಗೆ ಅಲ್ವಾ ಅದು?" ಕಮಲ ಕೇಳಿದಳು.

"ಆ ಜೀವಿಗೂ ಅದೇ ವಿಟಮಿನ್ ಬೇಕು ಅಮ್ಮ. ಈ ಪುಡಿ ಆ ವಿಟಮಿನ್ನಿನ ವೇಷ ಹಾಕಿಕೊಂಡು ಹೋಗುವುದು. ಜೀವಿ ಮೋಸ ಹೋಗಿ ಇದನ್ನು ಹಿಡಿಯುತ್ತದೆ, ಹೊಟ್ಟೆಗಿಲ್ಲದೆ ಸಾಯುತ್ತದೆ. ನೀವು ಅಸಲನ್ನೇ ಕೊಟ್ಟರೆ ಅದು ವೇಷವನ್ನು ಯಾಕೆ ಹಿಡಿಯುತ್ತದೆ?" ಡೈನಾ ಹೆಲ್ಮೆಟ್ ಹಾಕಿಕೊಂಡರು. "ಇಲ್ಲಿ ಕೋಳಿ ನೋಡಿಕೊಳ್ಳುವುದು ಯಾರು?"

"ನಾವೇ" ಎಂದ ಚಂದು.

*

ಹರಿಣಾಕ್ಷಿಗೆ ನಾಲ್ಕು ದಿನ ಶೆಡ್ಡಿಗೆ ಪ್ರವೇಶವಿಲ್ಲ ಎಂದಾಯಿತು. ದೇವರ ಕೋಣೆಗೂ ಇಲ್ಲ. ಅಡುಗೆಮನೆಗೆ ಉಂಟು. ಹಿಂದೆ ಅಡುಗೆಮನೆಗೂ ಇರಲಿಲ್ಲವಂತೆ, ಆದರೆ ಕಮಲನ ಮೊಣಕಾಲು ಹಿಡಿದ ವರ್ಷದಿಂದ ಆ ನಿಯಮ ತಾನಾಗಿ ಸಡಿಲವಾಗಿತ್ತು. ಗಂಜಿಗೆ ಮೈಲಿಗೆಯಿಲ್ಲ, ಒಣಮೀನಿನ ಚಟ್ನಿಗೆ ಮೈಲಿಗೆಯಿಲ್ಲ, ಮಾವನ ಬನಿಯನ್ ಒಗೆಯುವುದಕ್ಕೆ ಮೈಲಿಗೆಯಿಲ್ಲ.

ಅವಳು ಜಗಲಿಯಲ್ಲಿ ನಿಂತು ಕೂಗಿ ಹೇಳುವಳು. "ಮಾಮ, ಚಮಚ ತಲೆ ಸವರಿ ಹಾಕಿ! ತುಂಬಾ ಹಾಕಬೇಡಿ!"

"ಕಣ್ಣಂದಾಜು ಉಂಟು ನನಗೆ!" ಶೆಡ್ಡಿನೊಳಗಿಂದ ಚಂದುವಿನ ಉತ್ತರ.

"ಪಾತ್ರೆ ಎಲ್ಲದಕ್ಕೂ ಔಷಧಿ ನೀರೇ ಅಲ್ವಾ?"

"ಹೌದು ಮಾರಾಯ್ತಿ, ಹೌದು!"

ದಿನವೂ ಗೋಣಿಯಲ್ಲಿ ಸತ್ತ ಮರಿಗಳು ಹೊರಗೆ ಬಂದವು. ಕಮಲ ಗೋಣಿಯನ್ನು ಅಂಗಳದ ಅಂಚಿನಲ್ಲಿಟ್ಟು, "ತೆಂಗಿನ ಮರದ ಹಿಂದೆ ಹೊಂಡ ಮಾಡಿ ಹೂಳು" ಎಂದಳು.

"ನಾನಾ?" ಹರಿಣಾಕ್ಷಿ ಕೇಳಿದಳು. "ನಾನು ಮುಟ್ಟಬಾರದಲ್ಲ ಮಾಮಿ."

"ಸತ್ತದ್ದಕ್ಕೆ ಎಂತ?"

ಅವಳು ಹಾರೆ ಹಿಡಿದು ಹೊಂಡ ತೋಡಿದಳು. ಎಂಟನೇ ಕ್ಲಾಸಿನ ಮಗಳು ಪ್ರಾಪ್ತಿ ಶಾಲೆಯಿಂದ ಬಂದವಳು ಚೀಲ ಹೆಗಲಿನಲ್ಲಿರುವಾಗಲೇ ಹತ್ತಿರ ಬಂದು ನಿಂತಳು.

"ಅಮ್ಮ, ಬದುಕಿದ ಕೋಳಿಯನ್ನು ಮುಟ್ಟಿದ್ರೆ ಸಾಯ್ತದೆ, ಸತ್ತ ಕೋಳಿಯನ್ನು ಮುಟ್ಟಿದ್ರೆ ಏನಾಗ್ತದೆ? ಬದುಕ್ತದಾ?"

"ಅಜ್ಜಿಯನ್ನು ಕೇಳು."

"ಕೇಳಿದೆ. ಅಧಿಕಪ್ರಸಂಗ ಮಾಡಬೇಡ ಅಂದ್ರು."

ಆ ರಾತ್ರಿ ಊಟಕ್ಕೆ ಗಂಜಿ, ಹುರಿದ ಒಣ ನಂಗು ಮೀನು. ಆಳಕಡಲಿನ ದೋಣಿಗಳಿಗೆ ಮಳೆಗಾಲದ ರಜೆಯಾದ್ದರಿಂದ ಹಸಿ ಮೀನು ಇರಲಿಲ್ಲ. ಹರಿಣಾಕ್ಷಿ ಎಲ್ಲರಿಗೂ ಬಡಿಸಿ ಗಂಡನ ಎದುರು ನಿಂತಳು.

"ನೀವಾದರೂ ಹೇಳಿ. ಆ ನೀರು ಬಿಡುವುದನ್ನು ನಿಲ್ಲಿಸಲಿಕ್ಕೆ ಹೇಳಿ. ಡಾಕ್ಟ್ರು ಹೇಳಿದ್ದು ನಿಮಗೆ ಕೇಳಲಿಲ್ಲವಾ?"

ಜಿತೇಂದ್ರ ಮೀನಿನ ಮುಳ್ಳು ಬಿಡಿಸುತ್ತ, "ನಾಲ್ಕು ದಿನದ ಮಾತಲ್ವಾ. ಸುಮ್ಮನೆ ಯಾಕೆ" ಎಂದ.

"ನಾಲ್ಕು ದಿನದಲ್ಲಿ ಶೆಡ್ಡು ಖಾಲಿಯಾಗ್ತದೆ."

"ಅಮ್ಮನಿಗೆ ಒಂದು ನಂಬಿಕೆ ಉಂಟು. ನಾನು ಹೋಗಿ ಎಂತ ಹೇಳುವುದು?"

"ಹಾಸ್ಟೆಲಿನಲ್ಲಿ ಪೈಪು ಸೋರಿದರೆ ಹೋಗ್ತೀರಲ್ಲ, ಅಲ್ಲಿಯೂ ನಂಬಿಕೆ ಅಂತ ಬಿಡ್ತೀರಾ?"

"ಗಂಡಸರು ಉಣ್ಣುವಾಗ ತಲೆ ಮೇಲೆ ನಿಂತು ಮಾತಾಡಬೇಡ" ಎಂದಳು ಕಮಲ. "ತಪ್ಪು ಮಾಡಿದವಳು ನೀನು. ನಾನು ಬೊಬ್ಬರ್ಯ ದೈವಕ್ಕೆ ಹರಕೆ ಹೇಳಿಕೊಂಡಿದ್ದೇನೆ. ಇನ್ನಾದರೂ ಸರಿಯಾಗಿ ನಡೆದುಕೊ."

ಚಂದು ಗಂಜಿಗೆ ಇನ್ನಷ್ಟು ತಿಳಿ ಬೇಕೆಂದು ಬಟ್ಟಲು ಮುಂದೆ ಚಾಚಿದ. ಹರಿಣಾಕ್ಷಿ ಬಡಿಸಿದಳು.

ನಾಲ್ಕು ದಿನ ಕಳೆದು, ತಲೆಗೆ ಮಿಂದು, ಒದ್ದೆ ಕೂದಲಲ್ಲೇ ಅವಳು ಶೆಡ್ಡಿಗೆ ಓಡಿದಳು. ಅರ್ಧದಷ್ಟು ಮರಿಗಳಿರಲಿಲ್ಲ. ಉಳಿದವು ಒಂದರ ಮೇಲೊಂದು ಒರಗಿ ಕಣ್ಣು ಮುಚ್ಚಿದ್ದವು. ಔಷಧಿಯ ನೀರು ಪಾತ್ರೆಗಳಲ್ಲಿ ಹಾಗೇ ಇತ್ತು. ಗೋಡೆಯ ಬದಿಗೆ ಒಂದು ದೊಡ್ಡ ಅಲ್ಯುಮಿನಿಯಮ್ ಬೋಗುಣಿ. ಅದರ ತುಂಬ ಬಾವಿಯ ತಿಳಿನೀರು. ಪಕ್ಕದಲ್ಲಿ ಖಾಲಿಯಾದ ಟಾನಿಕ್ ಬಾಟಲಿ.

"ಇದು ಯಾರು ಇಟ್ಟದ್ದು?"

"ಔಷಧಿ ನೀರಿಗೆ ಬಾಯಿ ಹಾಕುವುದಿಲ್ಲ ಪಾಪ" ಎಂದ ಚಂದು. "ಬಾಯಾರಿ ಸಾಯುವುದಾ? ನಾನೇ ಇಟ್ಟೆ."

"ಮತ್ತೆ ಟಾನಿಕ್ಕು?"

"ನೋಡಿದರೆ ನಿಲ್ಲಲಿಕ್ಕೆ ಶಕ್ತಿಯಿಲ್ಲ ಅವಕ್ಕೆ" ಎಂದಳು ಕಮಲ ಹೊರಗಿನಿಂದ. "ಒಂದು ಹನಿ ಹಾಕಿದರೆ ಎಂತ ಆಗ್ತದೆ? ಆ ಡಾಕ್ಟ್ರಮ್ಮನಿಗೆ ಮಕ್ಕಳುಂಟಾ? ಹೊಟ್ಟೆಗಿಲ್ಲದೆ ಗುಣವಾಗುವುದು ಎಲ್ಲಾದರೂ ಉಂಟಾ?"

ಹರಿಣಾಕ್ಷಿ ಬೋಗುಣಿಯನ್ನು ಎತ್ತಿ ಅಂಗಳಕ್ಕೆ ಚೆಲ್ಲಿದಳು. ನೀರು ಮಾವನ ಕಾಲಿಗೆ ಬಿತ್ತು. ಅವನು ಹಿಂದೆ ಸರಿದ, ಬೈಯಲಿಲ್ಲ. ಮತ್ತೆ ಮೊದಲಿನಿಂದ ಐದು ದಿನ. ಉಳಿದದ್ದು ಉಳಿಯಿತು.

ಆದರೆ ಊರಿಗೆ ಹೋದ ಸುದ್ದಿ ಬೇರೆ. ಕಟಪಾಡಿಯ ಬಸ್ ನಿಲ್ದಾಣದಲ್ಲಿ ಪರಿಚಯದ ಒಲಿಂಡಾ ಬಾಯಿ ಅವಳ ಕೈ ಹಿಡಿದು, "ನಿನ್ನಿಂದ ಕೋಳಿಗಳು ಸತ್ತವಂತೆ, ಹೌದಾ?" ಎಂದು ಮರುಕದಿಂದ ಕೇಳಿದಳು. ಹರಿಣಾಕ್ಷಿಯ ಬಸ್ಸು ಬಂತು, ಅವಳು ಹತ್ತಲಿಲ್ಲ. ಇನ್ನಂಜೆಯವರೆಗೆ ಮಳೆಯಲ್ಲಿ ನಡೆದಳು. ಮನೆ ಮುಟ್ಟಿದಾಗ ಕೊಡೆ ಕೈಯಲ್ಲಿ ಮಡಚಿಯೇ ಇತ್ತು.

*

ಶೆಡ್ಡಿನ ನಡುವೆ ಬಲೆ ಅಡ್ಡ ಕಟ್ಟಿ, ಖಾಲಿಯಾದ ಬದಿಗೆ ಜಿತೇಂದ್ರ ಹೊಸ ಮರಿಗಳನ್ನು ತಂದ. ಚಂದು ಕೆಲವು ದಿನ ಪೈಪು ಮುಟ್ಟಲಿಲ್ಲ. ಆಮೇಲೆ ಪಾತ್ರೆ ಮಾತ್ರ ತೊಳೆಯತೊಡಗಿದ. ಆಮೇಲೆ ನಡುವಿನ ದಾರಿ. ಆಮೇಲೆ ಗೋಡೆ. ಹರಿಣಾಕ್ಷಿ ಹೇಳಿದರೆ, "ವಾಸನೆ ಬರ್ತದೆ ಮಾರಾಯ್ತಿ, ಊರವರು ಎಂತ ಹೇಳಿಯಾರು?" ಎನ್ನುವನು.

ಆಟಿ ತಿಂಗಳ ಮಳೆ ಹೊಡೆಯುತ್ತಿದ್ದ ಒಂದು ಬೆಳಿಗ್ಗೆ ಹೊಸ ಮರಿಗಳ ಬದಿಯಲ್ಲಿ ಮತ್ತೆ ಕೆಂಪು ಕಂಡಿತು. ಒಂದು ಮರಿ ಕತ್ತು ಒಳಗೆಳೆದು ನಿಂತಿತ್ತು. ಮುಟ್ಟಿದರೆ ಹತ್ತಿಯ ಹಾಗೆ ಹಗುರ.

ಅದೇ ಬೆಳಿಗ್ಗೆ ಬಚ್ಚಲಲ್ಲಿ ಹರಿಣಾಕ್ಷಿಗೂ ಕೆಂಪು ಕಂಡಿತು.

ಅವಳು ಬಚ್ಚಲ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ನಿಂತಳು. ನೀರು ಕಾಯುತ್ತಿದ್ದ ಹಂಡೆಯ ಕೆಳಗೆ ತೆಂಗಿನ ಮಡಲು ಚಟಪಟ ಎನ್ನುತ್ತಿತ್ತು. ಹೊರಗೆ ಬಂದಾಗ ಕಮಲ ಅಡುಗೆಮನೆಯ ಮೆಟ್ಟಿಲಲ್ಲಿ ಕುಳಿತು ತಿಮರೆ ಸೊಪ್ಪು ಬಿಡಿಸುತ್ತಿದ್ದಳು.

"ಮತ್ತೆ ಬಂದಿದೆಯಂತೆ ಕೋಳಿಗೆ? ನಿನ್ನದು?"

"ಇಲ್ಲ ಮಾಮಿ."

"ದಿನ ಆಗಿರಬೇಕಲ್ಲ."

"ಈಗೀಗ ಏರುಪೇರು. ನಲವತ್ತು ಹತ್ತಿರ ಬಂತಲ್ಲ."

ಕಮಲ ಅವಳ ಮುಖವನ್ನೇ ನೋಡಿದಳು. ಹರಿಣಾಕ್ಷಿಯೂ ನೋಡಿದಳು. "ಹಾಗಾದರೆ ಹೋಗು, ನೋಡಿಕೊ" ಎಂದಳು ಕಮಲ. ಕಿಟಕಿಯ ಒಳಗೆ ಜಡೆ ಹಾಕಿಕೊಳ್ಳುತ್ತಿದ್ದ ಪ್ರಾಪ್ತಿಯ ಕೈ ನಿಂತಿತು. ಎಪ್ರಿಲ್ ರಜೆಯಲ್ಲಿ ದೊಡ್ಡವಳಾದ ಹುಡುಗಿ. ಕಪಾಟಿನ ಪ್ಯಾಡಿನ ಕಟ್ಟು ಒಡೆದದ್ದು ಅವಳಿಗೆ ಗೊತ್ತಿತ್ತು. ಅಮ್ಮನನ್ನು ನೋಡಿದಳು. ಮತ್ತೆ ಜಡೆ ಹೆಣೆದಳು.

ಹರಿಣಾಕ್ಷಿ ಮೊದಲು ಮಾಡಿದ ಕೆಲಸ ಪೈಪನ್ನು ಸುರುಳಿ ಸುತ್ತಿ ತನ್ನ ಮಂಚದ ಅಡಿಗೆ ತಳ್ಳಿದ್ದು. ಆಮೇಲೆ ಒದ್ದೆ ಉಮಿಯನ್ನು ಬುಟ್ಟಿ ಬುಟ್ಟಿ ಹೊತ್ತು ಹೊರಗೆ ಹಾಕಿದಳು. ಸೊಂಟ ಸೆಳೆಯುತ್ತಿತ್ತು. ನೆಲಕ್ಕೆ ಸುಣ್ಣ ಎರಚಿದಳು, ಅಕ್ಕಿ ಮಿಲ್ಲಿನಿಂದ ಆಟೋದಲ್ಲಿ ಒಣ ಉಮಿ ತರಿಸಿ ಹಾಸಿದಳು. ಡೈನಾ ಡಾಕ್ಟರಿಗೆ ಫೋನು ಮಾಡಿ, ಅಳತೆ ಇನ್ನೊಮ್ಮೆ ಕೇಳಿಕೊಂಡು, ಚಮಚದ ತಲೆ ಸವರಿ ಪುಡಿ ಕಲಸಿದಳು. ಬೋಗುಣಿ, ತಗಡು, ತೆಂಗಿನ ಗರಟೆ, ನೀರು ನಿಲ್ಲಬಹುದಾದ ಎಲ್ಲವನ್ನೂ ಶೆಡ್ಡಿನಿಂದ ಹೊರಗೆಸೆದಳು. ಬಾಯಿ ಹಾಕಲಾರದ ಮರಿಗಳನ್ನು ಒಂದೊಂದಾಗಿ ಹಿಡಿದು ಕೊಕ್ಕು ಅದ್ದಿಸಿದಳು.

ಸಂಜೆ ಚಂದು ಅಂಗಳದಲ್ಲಿ ಅತ್ತಿತ್ತ ಹುಡುಕಿ ಮಗನಿಗೆ ಫೋನು ಹಚ್ಚಿದ. "ನಿನ್ನ ಹೆಂಡತಿ ನನ್ನ ಪೈಪು ಅಡಗಿಸಿದ್ದಾಳೆ."

ಆಚೆಯಿಂದ ಜಿತೇಂದ್ರ ಏನೋ ಹೇಳಿದ.

"ಎಂತ, ನಂಬಿಕೆಯಾ? ಪೈಪಿಗೆ ಎಂತ ನಂಬಿಕೆ ಮಾರಾಯಾ!"

ಹರಿಣಾಕ್ಷಿ ದೇವರ ಕೋಣೆಗೆ ಹೋಗಿ ದೀಪ ಹಚ್ಚಿದಳು. ಹಚ್ಚದಿದ್ದರೆ ಅತ್ತೆಗೆ ಗೊತ್ತಾಗುತ್ತಿತ್ತು. ಬತ್ತಿ ಎಳೆದಳು, ಎಣ್ಣೆ ಹಾಕಿದಳು, ಕಡ್ಡಿ ಗೀರಿದಳು. ದೀಪ ಎಂದಿನ ಹಾಗೆ ಉರಿಯಿತು. ಅವಳು ಕಣ್ಣೆತ್ತಿ ದೇವರ ಪಟವನ್ನು ನೋಡಿದಳು, ಪಟ ಅವಳನ್ನು ನೋಡಿತು. ಅಷ್ಟೇ.

ಎರಡನೆಯ ದಿನ ಮೂರು ಸತ್ತವು. ಮೂರನೆಯ ದಿನ ಒಂದು. ಆಮೇಲೆ ಗೋಣಿ ಬೇಕಾಗಲಿಲ್ಲ. ಐದನೆಯ ದಿನ ಸಂಜೆ ಅವಳು ಕಾಳಿನ ಡಬ್ಬ ತಟ್ಟಿದಾಗ ಮರಿಗಳು ಒಂದನ್ನೊಂದು ತುಳಿದು ಓಡಿ ಬಂದವು, ಅವಳ ಪಾದದ ಮೇಲೆ ಹತ್ತಿದವು. ಹಿಕ್ಕೆ ಬೂದಿ ಬಣ್ಣಕ್ಕೆ ತಿರುಗಿತ್ತು. ಅವಳು ಉಮಿಯ ಮೇಲೇ ಕುಳಿತುಬಿಟ್ಟಳು.

*

ಅಷ್ಟಮಿ ಕಳೆದು ಬಿಸಿಲು ಹೊಳೆದ ಭಾನುವಾರ ಕಟಪಾಡಿಯ ಕೋಳಿ ಅಂಗಡಿಯ ಬದ್ರುದ್ದೀನ್ ಟೆಂಪೋ ತೆಗೆದುಕೊಂಡು ಬಂದ. ಹಿಂದೊಮ್ಮೆ ಜಿತೇಂದ್ರ, ಮದ್ದು ನಡೆಯುತ್ತಿರುವಾಗಲೇ ಕೊಂಡುಹೋಗಿ ಎಂದಿದ್ದಕ್ಕೆ, "ಡಾಕ್ಟ್ರು ಆಗಬಹುದು ಹೇಳುವವರೆಗೆ ನನಗೆ ಬೇಡ. ತಿನ್ನುವವರಿಗೂ ಹೊಟ್ಟೆ ಉಂಟಲ್ಲ" ಎಂದಿದ್ದವನು. ಈಗ ಡಾಕ್ಟರ ಒಪ್ಪಿಗೆ ಬಂದಿತ್ತು. ಅವನು ಸುಣ್ಣದಲ್ಲಿ ಕಾಲಿಟ್ಟು ಒಳಗೆ ಹೋಗಿ, ಎರಡೂ ಬದಿ ನೋಡಿ, ಒಂದು ಹುಂಜವನ್ನು ಎತ್ತಿ ಎದೆ ಒತ್ತಿ ಹೊರಗೆ ಬಂದ.

ಜಗಲಿಯಲ್ಲಿ ಚಹಾ, ನೀರುದೋಸೆ, ಕಾಯಿಬೆಲ್ಲ. ಚಂದು, ಜಿತೇಂದ್ರ, ಬದ್ರುದ್ದೀನ್ ಬೆಂಚಿನ ಮೇಲೆ. ಕಮಲ ಬಾಗಿಲ ಹೊಸ್ತಿಲಲ್ಲಿ. ಪ್ರಾಪ್ತಿ ಜಗಲಿಯ ತುದಿಯಲ್ಲಿ ಒಬ್ಬಳೇ, ಪುಸ್ತಕ ಮಡಿಲಲ್ಲಿಟ್ಟು. ಅವಳಿಗೆ ಅದು ಮುಟ್ಟಿನ ಎರಡನೆಯ ದಿನ. ಬೆಳಿಗ್ಗೆ ತಾನು ಮುದ್ದಿನಿಂದ ಸಾಕುತ್ತಿದ್ದ ಒಂದು ಕುಂಟು ಕೋಳಿಗೆ ಕಾಳು ಹಾಕಲು ಹೊರಟವಳನ್ನು ಅಜ್ಜಿ ರಟ್ಟೆ ಹಿಡಿದು ಎಳೆದು ತಂದಿದ್ದಳು.

"ಏನು ಚಂದಣ್ಣ, ಹೊಸ ಮರಿಗಳು ಒಳ್ಳೆ ಕಲ್ಲಿನ ಹಾಗೆ ಉಂಟಲ್ಲ" ಎಂದ ಬದ್ರುದ್ದೀನ್. "ರಕ್ತಭೇದಿ ಬಂದ ಕೋಳಿ ಹೀಗೆ ಏಳುವುದು ಕಡಿಮೆ. ಯಾರ ಕೈಗುಣ?"

ಚಂದು ಮೀಸೆ ಒರೆಸಿಕೊಂಡ. "ಎಂತ ಕೈಗುಣ ಸಾಹೇಬ್ರೇ. ಸ್ವಲ್ಪ ಶುಚಿ, ಸ್ವಲ್ಪ ನಿಗಾ. ದೋಣಿಯಲ್ಲಿ ಕಲಿತದ್ದು."

"ಬೊಬ್ಬರ್ಯ ಕಾಪಾಡಿದ" ಎಂದಳು ಕಮಲ. "ಹರಕೆ ಹೇಳಿಕೊಂಡಿದ್ದೆ. ಮತ್ತೆ ಈ ಸಲ ಮೈಲಿಗೆ ಆಗಲಿಕ್ಕೆ ಬಿಡಲಿಲ್ಲ. ಅದೇ ಮುಖ್ಯ. ಹೋದ ಸಲ ಇವಳು ಹೊರಗಾದವಳು ಒಳಗೆ ಹೋಗಿ ಎಲ್ಲ ಸತ್ತದ್ದು. ಈ ಸಲ ಸರಿಯಾಗಿ ನಡೆದುಕೊಂಡಳು, ಕೋಳಿಯೂ ಉಳಿಯಿತು."

ಹರಿಣಾಕ್ಷಿ ಒಳಗಿನಿಂದ ದೋಸೆಯ ತಟ್ಟೆ ತರುತ್ತಿದ್ದಳು. ತಟ್ಟೆಯನ್ನು ಬೆಂಚಿನ ಮೇಲೆ, ಗಂಡಸರ ಲೋಟಗಳ ನಡುವೆ ಇಟ್ಟಳು.

"ಈ ಸಲವೂ ನಾನು ಮುಟ್ಟಾಗಿದ್ದೆ ಮಾಮಿ."

ಜಿತೇಂದ್ರನಿಗೆ ಚಹಾ ನೆತ್ತಿಗೇರಿತು. "ಹರಿಣೀ, ಒಳಗೆ ಹೋಗು."

"ಕೋಳಿಗೆ ಬಂದ ದಿನವೇ ನನಗೂ ಬಂದದ್ದು. ಔಷಧಿ ಕಲಸಿದ್ದು, ಉಮಿ ಹೊತ್ತದ್ದು, ಒಂದೊಂದರ ಕೊಕ್ಕು ಹಿಡಿದು ನೀರು ಕುಡಿಸಿದ್ದು ಎಲ್ಲ ಈ ಕೈಯೇ. ಸಂಜೆ ದೀಪ ಇಟ್ಟದ್ದೂ ಈ ಕೈಯೇ. ಆರಲಿಲ್ಲ."

"ಸಾಹೇಬ್ರ ಎದುರು ಎಂತ ಮಾತಾಡ್ತಿ ನೀನು!" ಕಮಲ ಹೊಸ್ತಿಲು ಹಿಡಿದು ಎದ್ದಳು. "ಮಾನ ಮರ್ಯಾದೆ ಉಂಟಾ?"

"ಸಾಹೇಬ್ರ ಎದುರು ಶುರು ಮಾಡಿದ್ದು ನೀವು. ನನ್ನಿಂದ ಕೋಳಿ ಸತ್ತಿತು ಅಂತ ಕಟಪಾಡಿಯವರೆಗೆ ಹೇಳಿ ಬಂದಿರಿ. ಬದುಕಿದಾಗ ಬೊಬ್ಬರ್ಯ, ಮಾಮನ ಕೈಗುಣ. ಸಾಯುವಾಗ ಮಾತ್ರ ಹರಿಣಾಕ್ಷಿ. ಹೂಳಲಿಕ್ಕೆ ಹರಿಣಾಕ್ಷಿ. ಕೋಳಿ ಸತ್ತದ್ದು ಯಾಕೆಂದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತುಂಟು. ಆ ಪೈಪು ಈಗಲೂ ನನ್ನ ಮಂಚದ ಕೆಳಗೆ ಉಂಟು."

ಚಂದು ಅಂಗಳದ ಕಡೆ ತಿರುಗಿ ಕುಳಿತ. ಬದ್ರುದ್ದೀನ್ ಲೋಟದ ತಳದಲ್ಲಿ ಉಳಿದ ಸಕ್ಕರೆಯನ್ನು ಅಲ್ಲಾಡಿಸುತ್ತ, ಯಾರ ಮುಖವನ್ನೂ ನೋಡದೆ, "ನಮ್ಮ ಮನೆಯಲ್ಲೂ ಕೋಳಿಗೆ ನೀರಿಡುವುದು ನನ್ನ ಹೆಂಡತಿ ಸಾರಮ್ಮನೇ. ತಿಂಗಳಿಡೀ" ಎಂದ. ಆಮೇಲೆ, "ಟೆಂಪೋದ ಚಕ್ರ ನೋಡಿ ಬರ್ತೇನೆ" ಎಂದು ಎದ್ದು ಹೋದ.

"ನಾವು ಕಡಲ ಮಕ್ಕಳು" ಎಂದಳು ಕಮಲ, ದನಿ ತಗ್ಗಿಸಿ. "ನಮಗೆ ಒಂದು ಕ್ರಮ ಉಂಟು."

"ಮಾಮಿ, ನೀವು ಎಷ್ಟು ವರ್ಷ ತಲೆ ಮೇಲೆ ಮೀನು ಹೊತ್ತು ಕಡಿಯಾಳಿ ಪೇಟೆಗೆ ಹೋದಿರಿ? ಬಸ್ಸಿನವರು ಹತ್ತಿಸದ ದಿನ ನಡೆದೇ ಹೋಗ್ತಿದ್ದೆ ಅಂತ ನೀವೇ ಹೇಳುವುದು. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ ಕೂತಿರಾ?"

ಕಮಲ ಬಾಯಿ ತೆರೆದಳು. "ಕೂತರೆ ಮಕ್ಕಳಿಗೆ ಗಂಜಿ ಎಲ್ಲಿಂದ?"

"ಅದೇ ಕೇಳಿದ್ದು."

"ಬುಟ್ಟಿ ಬೇರೆ, ಬಲೆ ಬೇರೆ. ಬುಟ್ಟಿ ಹೆಂಗಸರದ್ದು. ಬಲೆ ಗಂಡಸರದ್ದು."

"ಆಯ್ತು" ಎಂದಳು ಹರಿಣಾಕ್ಷಿ. "ಹಾಗಾದರೆ ಕೋಳಿ ಯಾರದ್ದು?"

ಅವಳು ಒಂದು ತಟ್ಟೆ ತೆಗೆದುಕೊಂಡು, ಬದ್ರುದ್ದೀನ್ ಎದ್ದುಹೋದ ಜಾಗದಲ್ಲಿ, ಮಾವನ ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತು, ದೋಸೆ ಮುರಿದು ಕಾಯಿಬೆಲ್ಲದಲ್ಲಿ ಅದ್ದಿ ತಿನ್ನತೊಡಗಿದಳು. ಅವಳು ಹಾಗೆ ಕುಳಿತದ್ದನ್ನು ಆ ಮನೆ ಅದುವರೆಗೆ ನೋಡಿರಲಿಲ್ಲ.

ಸಂಜೆಯ ಕಾಳಿನ ಹೊತ್ತು. ಶೆಡ್ಡಿನೊಳಗೆ ಕೂಗು ಎದ್ದಿತು. ಮೊದಲು ಒಂದು, ಆಮೇಲೆ ಎರಡೂ ಬದಿ ಸೇರಿ.

"ಹಸಿದಿವೆ" ಎಂದ ಜಿತೇಂದ್ರ.

"ಹೌದು" ಎಂದಳು ಅವಳು.

ಅವನು ಎದ್ದು ಶೆಡ್ಡಿನವರೆಗೆ ಹೋಗಿ ತಿರುಗಿ ಬಂದ. "ಕಾಳು ಎಲ್ಲಿಟ್ಟಿದ್ದಿ? ಎಷ್ಟು ಹಾಕು‌ವುದು?"

"ಯಾರ ಕೋಳಿಯೋ ಅವರಿಗೆ ಗೊತ್ತಿರಬೇಕಲ್ಲ."

"ನಿನ್ನದೇ ಮಾರಾಯ್ತಿ, ನಿನ್ನದೇ!" ಎಂದ ಚಂದು, ಕಿವಿ ಮುಚ್ಚಿಕೊಂಡು. "ಹೋಗು, ಮೊದಲು ಅವುಗಳ ಬಾಯಿ ಮುಚ್ಚಿಸು."

"ಬಾಯಿ ಮುಚ್ಚಿಸಲಿಕ್ಕೆ ಹೇಳುವ ಮಾತು ಬೇಡ ಮಾಮ. ಮಾಮಿ ಹೇಳಲಿ."

ಕೂಗು ಏರಿತು. ಬಲೆಗೆ ಹಾರಿ ಬಡಿಯುವ ಸದ್ದು. ಪ್ರಾಪ್ತಿ ಪುಸ್ತಕ ಮುಚ್ಚಿ ಎದ್ದು ನಿಂತಳು. ಎದ್ದವಳು ಅಲ್ಲೇ ನಿಂತಳು, ಅಜ್ಜಿಯನ್ನು ನೋಡುತ್ತ.

ಕಮಲ ಒಳಗೆ ಹೋದಳು. ಪಾತ್ರೆ ಎಳೆದ ಸದ್ದು, ಗೋಣಿ ಬಿಚ್ಚಿದ ಸದ್ದು. ಹೊರಗೆ ಬಂದಾಗ ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಮೀನು ಮಾರುತ್ತಿದ್ದ ಕಾಲದ ಹಳೆಯ ಬುಟ್ಟಿ, ಬುಟ್ಟಿಯ ತುಂಬ ಕೋಳಿಯ ಕಾಳು. ಮೊಣಕಾಲು ನೋವಿದ್ದರೂ ಕತ್ತು ನೆಟ್ಟಗಿತ್ತು, ಕೈ ಬುಟ್ಟಿಯನ್ನು ಹಿಡಿದಿರಲಿಲ್ಲ. ಸೊಸೆಯ ಕಡೆ ನೋಡದೆ ಅಂಗಳ ದಾಟಿದಳು. ಶೆಡ್ಡಿನ ಬಾಗಿಲಲ್ಲಿ ಸುಣ್ಣದೊಳಗೆ ಒಂದು ಕಾಲಿಟ್ಟಳು, ಮತ್ತೊಂದು ಕಾಲಿಟ್ಟಳು. ಅಲ್ಲಿ ನಿಂತಳು.

"ಪ್ರಾಪ್ತೀ" ಎಂದಳು, ತಿರುಗದೆ. "ನೀರಿನ ಪಾತ್ರೆ ಹಿಡಿದುಕೊಂಡು ಬಾ. ನಾನೊಬ್ಬಳೇ ಎಷ್ಟು ಅಂತ ಮಾಡುವುದು?"

ಹುಡುಗಿ ಅಮ್ಮನನ್ನು ನೋಡಿದಳು. ಆಮೇಲೆ ಓಡಿದಳು. ಒಳಗೆ ಹೋಗುವ ಮೊದಲು ಅವಳೂ ಸುಣ್ಣದಲ್ಲಿ ಕಾಲಿಟ್ಟಳು. ಸ್ವಲ್ಪ ಹೊತ್ತಿಗೆ ಕೂಗು ನಿಂತು ಕಾಳು ಹೆಕ್ಕುವ ಸದ್ದು, ತಗಡಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ, ಜಗಲಿಯವರೆಗೆ ಕೇಳಿಸಿತು.

"ಮುಗಿಯಿತಲ್ಲ, ಇನ್ನು ಸಾಕು" ಎಂದ ಜಿತೇಂದ್ರ, ಸಮಾಧಾನದಿಂದ.

"ಮುಗಿಯಲಿಲ್ಲ" ಎಂದಳು ಹರಿಣಾಕ್ಷಿ. "ಕೇಳಿದ್ದಕ್ಕೆ ಯಾರೂ ಹೇಳಲಿಲ್ಲ." ತಟ್ಟೆಗೆ ಇನ್ನೊಂದು ದೋಸೆ ಹಾಕಿಕೊಂಡು, ಕಾಯಿಬೆಲ್ಲದ ಬಟ್ಟಲನ್ನು ಮಾವನ ಕೈಯ ಬದಿಯಿಂದ ತನ್ನ ಕಡೆಗೆ ಎಳೆದುಕೊಂಡಳು.